ಲೋಳೆಸರ ಮತ್ತು ಇಂಗ್ಲೆಂಡಿನ ಚಳಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಲೋಳೆಸರದ ವಿಷಯವಾಗಿ ಆಗಾಗ ಕೇಳುವುದುಂಟು. ಬೇಸಿಗೆಯಲ್ಲಿ ಅಂಗಳದಲ್ಲಿ ಸೊಂಪಾಗಿದ್ದ ಗಿಡ ನವೆಂಬರ್ ಕಳೆಯುವಷ್ಟರಲ್ಲಿ ಬುಡ ಕೊಳೆತು ಒರಗಿಬಿಟ್ಟಿತು ಎಂಬುದು ಬಹುತೇಕರ ದೂರು. "ಆ ಚಳಿಗೆ ನಮ್ಮೂರಿನ ಗಿಡ ಬದುಕೀತೆ ಮೇಷ್ಟ್ರೇ?" ಎಂದು ತಮಗೆ ತಾವೇ ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಹಿಮಗಟ್ಟುವ ಚಳಿ ಲೋಳೆಸರವನ್ನು ಕೊಲ್ಲುತ್ತದೆ, ಅನುಮಾನವಿಲ್ಲ. ಆದರೆ ಆ ಚಳಿ ಬರುವ ಮೊದಲೇ ಅನೇಕ ಗಿಡಗಳನ್ನು ಕೊಲ್ಲುವುದು ತಂಪಿನ ಜೊತೆಗೂಡಿದ ತೇವ. ಆ ತೇವದಲ್ಲಿ ನಾವೇ ಪ್ರೀತಿಯಿಂದ ಎರೆದ ನೀರಿನ ಪಾಲು ದೊಡ್ಡದು.

ಈ ಗಿಡದ ಮೂಲ ನಮ್ಮೂರೂ ಅಲ್ಲ. ಅದರ ತವರು ಅರೇಬಿಯಾ ಪರ್ಯಾಯದ್ವೀಪವೆಂದು ಸಸ್ಯವಿಜ್ಞಾನಿಗಳು ಈಗ ಹೇಳುತ್ತಾರೆ. ಅಪರೂಪಕ್ಕೊಮ್ಮೆ ಮಳೆ ಬಂದು ಮರುಗಳಿಗೆಯೇ ಬಸಿದುಹೋಗುವ ಕಲ್ಲುನೆಲದ ಸ್ವಭಾವ ಅದಕ್ಕೆ ಮೈಗೂಡಿದೆ. ದೃಷ್ಟಿ ತಾಗದಿರಲೆಂದು ನಮ್ಮ ಹಳ್ಳಿಗಳಲ್ಲಿ ಲೋಳೆಸರವನ್ನು ಬೇರುಸಹಿತ ಕಿತ್ತು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ದೃಷ್ಟಿಯ ಮಾತು ಒತ್ತಟ್ಟಿಗಿರಲಿ. ಮಣ್ಣಿಲ್ಲದೆ, ನೀರಿಲ್ಲದೆ ಅದು ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಗಮನಿಸಿ. ತರಗತಿಯಲ್ಲಿ ಪತ್ರರಂಧ್ರಗಳ ಪಾಠ ಮಾಡುವಾಗ ನಾನು ಈ ಉದಾಹರಣೆಯನ್ನೇ ಕೊಡುತ್ತಿದ್ದೆ. ಇತರ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದರೆ ಲೋಳೆಸರ ಮುಖ್ಯವಾಗಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಹೀಗಾಗಿ ಅದು ಕಳೆದುಕೊಳ್ಳುವ ನೀರು ಅತ್ಯಲ್ಪ.

ಇಂಥ ಮಿತವ್ಯಯಿಯನ್ನು ಲಂಡನ್ನಿನ ಡಿಸೆಂಬರಿನಲ್ಲಿ ಊಹಿಸಿಕೊಳ್ಳಿ. ಆಗ ಅಲ್ಲಿ ಹಗಲಿನ ಅವಧಿ 8 ಗಂಟೆಗೂ ತುಸು ಕಡಿಮೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಗಿಡದ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ, ಬೇರು ನೀರನ್ನು ಹೀರುವುದಿಲ್ಲ. ಹೀರದ ನೀರು ಮಣ್ಣಿನಲ್ಲಿಯೇ ನಿಂತು ಬೇರು ಕೊಳೆಯುತ್ತದೆ. ಇನ್ನು ಸೊನ್ನೆಗಿಂತ ಕೆಳಗಿಳಿದರೆ ಎಲೆಯೊಳಗಿನ ಲೋಳೆಯೇ ಹೆಪ್ಪುಗಟ್ಟಿ ಜೀವಕೋಶಗಳು ಒಡೆಯುತ್ತವೆ. ಬಿಸಿಲು ಬಂದಾಗ ಎಲೆ ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗುತ್ತದೆ. ಎಲೆಯ ತಿರುಳಿನಲ್ಲಿ ಶೇ. 98ಕ್ಕೂ ಮಿಗಿಲಾಗಿ ನೀರೇ ಇರುವಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದ್ದರಿಂದ ತಂಪು ದೇಶದಲ್ಲಿ ಲೋಳೆಸರವನ್ನು ನೆಲದಲ್ಲಿ ನೆಡಲೇಬಾರದು, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ಬೆಳೆಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕುಂಡದ ಮಿಶ್ರಣದಲ್ಲಿ ಅರ್ಧದಷ್ಟು ದಪ್ಪ ಮರಳೋ ಸಣ್ಣ ಜಲ್ಲಿಯೋ ಇರಲಿ. ಹಿಮದ ಭಯ ಕಳೆದ ಮೇಲೆ, ಅಂದರೆ ದಕ್ಷಿಣ ಇಂಗ್ಲೆಂಡಿನಲ್ಲಿ ಮೇ ಕೊನೆಗೆ, ಉತ್ತರದಲ್ಲಿ ಜೂನ್ ತಿಂಗಳಿನಲ್ಲಿ, ಹೊರಗಿಡಿ. ಒಮ್ಮೆಲೇ ಬಿಸಿಲಿಗೊಡ್ಡಿದರೆ ಎಲೆ ಕೆಂಪಡರಿ ಸುಟ್ಟಂತಾಗುತ್ತದೆ. ಮೊದಲ ಒಂದೆರಡು ವಾರ ಅರೆನೆರಳು ಸಾಕು. ಸೆಪ್ಟೆಂಬರಿನಲ್ಲಿ ರಾತ್ರಿಗಳು 10 ಡಿಗ್ರಿಗೆ ಇಳಿಯತೊಡಗಿದೊಡನೆ ಒಳಗೆ, ದಕ್ಷಿಣದ ಕಿಟಕಿಯ ಬಳಿಗೆ ತನ್ನಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೀರು ಕೊಟ್ಟರೂ ಸಾಕು. ಮಣ್ಣು ಒಣಗಿರದಿದ್ದರೆ ಅದೂ ಬೇಡ.

"ಸ್ವಲ್ಪ ಸ್ವಲ್ಪವಾಗಿ ಚಳಿಯನ್ನು ಅಭ್ಯಾಸ ಮಾಡಿಸಿದರೆ ಆಗದೆ?" ಎಂದು ಕೇಳುವವರಿದ್ದಾರೆ. ಪ್ಲಾಸ್ಟಿಕ್ ಹೊದಿಸಿ ಹೊರಗೇ ಬಿಡುವವರೂ ಇದ್ದಾರೆ. ಪ್ಲಾಸ್ಟಿಕ್ ತೇವವನ್ನು ಒಳಗೇ ಕೂಡಿಹಾಕುವುದರಿಂದ ಕೊಳೆಯುವಿಕೆ ಇನ್ನಷ್ಟು ಬೇಗ ಆಗುತ್ತದೆ. ವರ್ಷವಿಡೀ ಹೊರಗಿರುವ ಗಿಡವೇ ಬೇಕೆಂದಾದರೆ ಅದಕ್ಕೆ ತಕ್ಕ ದಾಯಾದಿಯನ್ನು ಆರಿಸಿಕೊಳ್ಳಿ. ದಕ್ಷಿಣ ಆಫ್ರಿಕಾದ ಬೆಟ್ಟಗಳ ಅಲೋಯಾಂಪೆಲೋಸ್ ಸ್ಟ್ರಿಯಾಟುಲಾ, ಹಿಂದೆ ಅಲೋ ಕುಲದಲ್ಲಿಯೇ ಇದ್ದದ್ದು, ನೀರು ಬಸಿಯುವ ನೆಲದಲ್ಲಿ ಅಲ್ಪಸ್ವಲ್ಪ ಹಿಮವನ್ನು ತಡೆದುಕೊಳ್ಳುತ್ತದೆ. ಇಂಗ್ಲೆಂಡಿನ ಬೆಚ್ಚನೆಯ ಭಾಗಗಳಲ್ಲಿ ಅದು ಹೊರಗೇ ಬದುಕುತ್ತದೆ. ಇದು ನೋಟಕ್ಕೆ ಮಾತ್ರ, ಮನೆಮದ್ದಿಗೆ ಬಳಸಬೇಡಿ.

ನಮ್ಮ ನಾಡಿನಲ್ಲಿಯೇ ಇರುವವರಿಗೂ ಈ ನಿಯಮ ಅನ್ವಯಿಸುತ್ತದೆ. ಮಡಿಕೇರಿಯ ಬಂಧುಗಳಿಗೆ ಹಿಮದ ಹೆದರಿಕೆಯಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆ ಜಡಿಮಳೆಯೂ ತಂಪೂ ಸೇರಿದರೆ ಪರಿಣಾಮ ಒಂದೇ. ಅಷ್ಟು ತಿಂಗಳು ಕುಂಡ ಸೂರಿನಡಿ ಇರಲಿ.

ಕೊನೆಯದಾಗಿ, ಮಕ್ಕಳನ್ನು ಕಾಣಲು ಹೊರಡುವ ತಂದೆತಾಯಿಯರಿಗೆ ಒಂದು ಮಾತು. ಊರ ಹಿತ್ತಿಲಿನ ಲೋಳೆಸರದ ಮರಿಯನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಡಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡವನ್ನು ಬ್ರಿಟನ್ನಿನೊಳಗೆ ಒಯ್ಯುವಂತಿಲ್ಲ. ಬೇರಿನ ಮಣ್ಣಿನೊಡನೆ ರೋಗ, ಕೀಟಗಳೂ ಸಾಗುತ್ತವೆ. ಅಲ್ಲಿಯ ಅಂಗಡಿಗಳಲ್ಲಿ ಸಿಗುವುದೂ ಇದೇ ಗಿಡ. ಮಗಳಿಗೆ ಅದನ್ನೇ ಕೊಡಿಸಿ, ಯಾವಾಗ ನೀರೆರೆಯಬಾರದೆಂಬುದನ್ನು ಹೇಳಿಕೊಟ್ಟು ಬನ್ನಿ. ತವರಿನ ಹಿತ್ತಿಲಿನ ಈ ತಿಳಿವಳಿಕೆಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.