ಹುಡುಗಿಗೆ ಹಗರಾದ್ದು ಸಾಕಂತ!

ಸೀಟು ಸಿಕ್ಕವರ ಮನ್ಯಾಗೆಲ್ಲ ಈಗ ಲ್ಯಾಪ್‌ಟಾಪಿನ ಮಾತು ನಡದದ. ಪೇಢೆ ಹಂಚಿ ಆತು, ಫೀ ಕಟ್ಟಿ ಆತು, ಇನ್ನ ಉಳದದ್ದು ಅದೊಂದ. ನಮ್ಮ ಓಣ್ಯಾಗ ಮೂರು ಮನಿ, ಬಳಗದಾಗ ಎರಡು ಮನಿ, ಐದೂ ಮನಿಯವರ ಬಾಯಾಗ ಈ ತಿಂಗಳು ನಾ ಒಂದ ಮಾತು ಕೇಳೇನಿ: "ಹುಡುಗಗ ಪಾವರ್‌ಫುಲ್ ಬೇಕ್ರಿ. ಹುಡುಗಿಗೆ ತೆಳ್ಳಗ, ಹಗರ ಇರೋದು ಒಂದು ಕೊಡಸಿದ್ರ ಸಾಕು."

ಹುಡುಗ ಓದೋದೇನು, ಹುಡುಗಿ ಓದೋದೇನು, ಅದರ ಮ್ಯಾಲೆ ಮಾಡೋ ಕೆಲಸ ಎಂಥಾದ್ದು, ಒಬ್ಬರೂ ಕೇಳಲಿಲ್ಲ. ಸೀರಿ ಆರಿಸಿದಂಗ ಆರಿಸ್ತಾರ ಅನ್ನೋಣ ಅಂದ್ರ ಅದೂ ಅಲ್ಲ. ಸೀರಿ ಆದ್ರ ನಾವು ಸೆರಗು ಬಿಚ್ಚಿ ನೋಡ್ತೀವಿ, ನೂಲು ಮುಟ್ಟಿ ನೋಡ್ತೀವಿ, ಬಣ್ಣ ಬಿಡ್ತದೇನು ಅಂತ ಹತ್ತು ಸಲ ಕೇಳ್ತೀವಿ. 70,000 ರೂಪಾಯಿ ಮಶೀನಿಗೆ ಅಷ್ಟೂ ಇಲ್ಲ. ಹುಡುಗ ಅಂದ್ರ ದಪ್ಪಂದು, ಹುಡುಗಿ ಅಂದ್ರ ತೆಳ್ಳಂದು, ಮುಗೀತು. ಪಿಯುಸಿ ಓದಿ ಅಡಗಿಮನಿ ಸೇರಿದಾಕಿ ಇದನ್ನೆಲ್ಲ ಯಾಕ ಮಾತಾಡ್ತಾಳ ಅನ್ನೋರು ಅನ್ಲಿ. ನಾ ಇದನ್ನ ಮೂರು ವರ್ಷ ಕಣ್ಣಾರೆ ನೋಡೇನಿ, ಅದಕ್ಕ ಬರೀತೀನಿ.

ನಮ್ಮ ಮೈದುನಗ ಇಬ್ಬರು ಮಕ್ಕಳು. (ಅಂವ ಇದನ್ನ ಓದ್ತಾನ, ನನಗ ಗೊತ್ತದ. ಓದ್ಲಿ.) ದೊಡ್ಡಾಂವ ಬಿ.ಕಾಂ. ಮಾಡಿದ. ಅವಗ ಕಾಲೇಜಿಗೆ ಹಚ್ಚಿದ ವರ್ಷ ಬಂದದ್ದು ಗೇಮಿಂಗ್ ಲ್ಯಾಪ್‌ಟಾಪ್. ಕರೇ ಬಣ್ಣ, ಎರಡೂವರೆ ಕೇಜಿ, ಅದರ ಚಾರ್ಜರ್ ಅಂದ್ರ ಒಂದು ಇಟ್ಟಂಗಿ. ಕೀಬೋರ್ಡಿನಾಗ ಕೆಂಪು, ನೀಲಿ, ಹಸರು ದೀಪ, ನಮ್ಮ ಓಣಿ ಗಣಪತಿ ಪೆಂಡಾಲದಂಗ. ಸಣ್ಣಾಕಿ ಬಿ.ಆರ್ಕ್. ಸೇರಿದ್ಲು, ಐದು ವರ್ಷದ ಕೋರ್ಸು. ಆಕಿನ್ನ ಕರ್ಕೊಂಡು ಅಂಗಡಿಗೆ ಹೋದ್ರ ಅಲ್ಲಿದ್ದಾಂವ ಕೇಳಿದ್ದು ಒಂದ ಪ್ರಶ್ನಿ, "ಮೇಡಮ್ಮರಿಗೇನ್ರಿ?" ಹೂಂ ಅಂದಕೂಡ್ಲೆ ಗುಲಾಬಿ ಬಣ್ಣದ್ದು ತಗದು ಒಂದು ಬಟ್ಟಿನ ಮ್ಯಾಲೆ ಎತ್ತಿ ತೋರಿಸಿದ. 1.2 ಕೇಜಿ. ಎಲ್ಲಾರೂ "ಎಷ್ಟು ಛಂದ ಅದ" ಅಂದ್ರು, ಬಿಲ್ ಆತು.

ರೊಕ್ಕಾ ಉಳೀತೇನು? ಅದೂ ಇಲ್ಲ. ಎರಡಕ್ಕೂ ಹೆಚ್ಚುಕಮ್ಮಿ ಒಂದ ಕಿಮ್ಮತ್ತು. ಒಂದರಾಗ ರೊಕ್ಕ ಒಳಗಿನ ಜೀವಕ್ಕ ಹೋಗ್ಯದ, ಇನ್ನೊಂದರಾಗ ಮೈ ತೆಳ್ಳಗ ಮಾಡ್ಲಿಕ್ಕೆ ಹೋಗ್ಯದ. ಇದನ್ನ ಅಂಗಡ್ಯಾಗ ಯಾರೂ ಹೇಳಂಗಿಲ್ಲ.

ಆರ್ಕಿಟೆಕ್ಚರ್ ಅಂದ್ರ ಕಾಗದದ ಮ್ಯಾಲೆ ಗೆರಿ ಎಳಿಯೋದು ಅಂತ ತಿಳಕೊಂಡವರು ಇನ್ನೂ ಇದ್ದಾರ. ಆ ಹುಡುಗಿ ತೋರಿಸಿದ ಮ್ಯಾಲೆ ನನಗ ತಿಳದದ್ದು ಇಷ್ಟು. ಆಟೋಕ್ಯಾಡ್, ಸ್ಕೆಚ್‌ಅಪ್, ರೆವಿಟ್ ಅಂತ ಇರ್ತಾವ. ಅದರಾಗ ಇಡೀ ಕಟ್ಟಡನ ಎದ್ದು ನಿಂದರ್ತದ, ಗ್ವಾಡಿ, ಕಂಬ, ಕಿಡಕಿ, ಪಾವಟಿಗಿ ಸುದ್ದಾ. ಆಮ್ಯಾಲೆ ಲೂಮಿಯನ್‌ನಂಥಾದ್ರಾಗ ಹಾಕಿದ್ರ ಮುಂಜಾನೆ ಬಿಸಿಲು ಯಾವ ಕಿಡಕ್ಯಾಗಿಂದ ಬರ್ತದ, ನೆರಳು ಎಲ್ಲೆ ಬೀಳ್ತದ, ಗಿಡಾ ಹೆಂಗ ಕಾಣ್ತದ, ಎಲ್ಲಾ ಫೋಟೋ ತಗದಂಗ ಬರ್ತದ. ಅದಕ್ಕ ರೆಂಡರಿಂಗ್ ಅಂತಾರ. ಒಂದೊಂದು ಚಿತ್ರಕ್ಕ ಲಕ್ಷಗಟ್ಟಲೆ ಬೆಳಕಿನ ಲೆಕ್ಕ. ಈ ಲೆಕ್ಕಕ್ಕ ಗ್ರಾಫಿಕ್ಸ್ ಕಾರ್ಡ್ ಅಂತ ಬ್ಯಾರೆ ಬೇಕು. ನಮ್ಮ ಹುಡುಗಿಯ ಗುಲಾಬಿ ಲ್ಯಾಪ್‌ಟಾಪಿನಾಗ ಅದು ಇಲ್ಲ. ಲೂಮಿಯನ್ ಕೆಲಸಕ್ಕ ಬರಲೇ ಇಲ್ಲ. ರೆವಿಟ್ ತೆರೀತದ, ಆದ್ರ ದೊಡ್ಡ ಫೈಲಿದ್ರ ಅಷ್ಟರಾಗ ನಂದು ಕುಕ್ಕರ್ ಮೂರು ಸೀಟಿ ಹೊಡೀತದ.

ಇನ್ನ ಬಿಸಿ. ಇದು ನಮಗ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಮಿಕ್ಸರ್ ತರಲಿಕ್ಕೆ ಹೋದ್ರ ಮೊದಲ ಕೇಳೋದು ಎಷ್ಟು ವ್ಯಾಟಿಂದು ಅಂತ. 500 ವ್ಯಾಟಿನ ಮಿಕ್ಸರಿನಾಗ ಕೆಂಪಿಂಡಿ ರುಬ್ಬಿದವರಿಗೆ ಗೊತ್ತದ, ಎರಡನೇ ಸುತ್ತಿಗೆ ಮೋಟರ್ ಕಾದು ವಾಸನಿ ಬರ್ತದ, ಮೂರನೇದಕ್ಕ ಕೆಳಗಿನ ಕೆಂಪ ಗುಂಡಿ ಟಪ್ ಅಂತ ಹಾರಿ ಬಂದ್ ಬೀಳ್ತದ. ಲ್ಯಾಪ್‌ಟಾಪಿಂದೂ ಹಂಗ. ತೆಳ್ಳಂದರಾಗ ಹಾಕೋ ಪ್ರೊಸೆಸರ್ ಸಾಮಾನ್ಯ 15 ವ್ಯಾಟಿನ ಲೆಕ್ಕದಾಗ ಮಾಡಿರ್ತಾರ, ದಪ್ಪಂದರಾಗ 28, 45 ವ್ಯಾಟ್ ಹಿಂಗ ಮ್ಯಾಲೆ ಹೋಗ್ತದ. ಇಂಟೆಲ್ ಕಂಪನಿದಾದ್ರ ಹೆಸರಿನ ಕೊನಿಗೆ 'ಯು' ಅಂತ ಅಕ್ಷರ ಇದ್ರ ಮೊದಲಿನ ಥರದ್ದು, 'ಎಚ್' ಇದ್ರ ಎರಡನೇದು. ಕೆಲಸ ಹೆಚ್ಚಾದಂಗ ಕಾವು ಹೆಚ್ಚು. ಆ ಕಾವು ಹೊರಗ ಹೋಗ್ಲಿಕ್ಕೆ ತಾಮ್ರದ ಕೊಳವಿ ಬೇಕು, ಫ್ಯಾನ್ ಬೇಕು, ಗಾಳಿ ಆಡ್ಲಿಕ್ಕೆ ಜಾಗಾ ಬೇಕು. ಎರಡು ಬಟ್ಟು ದಪ್ಪನೂ ಇಲ್ಲದ್ದರಾಗ ಜಾಗಾ ಎಲ್ಲಿಂದ ಬರಬೇಕು? ಅದಕ್ಕ ಮಿಕ್ಸರಿನಂಗ ಗುಂಡಿ ಹಾರಂಗಿಲ್ಲ, ತನ್ನ ಜೀವ ಉಳಿಸಿಕೊಳ್ಳಿಕ್ಕೆ ತಾನ ಸಾವಕಾಶ ಆಗಿಬಿಡ್ತದ. ಅಂಗಡ್ಯಾಗ ಐದು ನಿಮಿಷ ನೋಡಿದ್ರ ಕುದರಿ ಓಡಿದಂಗ ಓಡ್ತದ. ಮನ್ಯಾಗ ಅರ್ಧ ತಾಸು ವಜ್ಜಿ ಕೆಲಸ ಹಚ್ಚಿ ನೋಡ್ರಿ. ತೆಳ್ಳನ ತಳದ ಪಾತೇಲ್ಯಾಗ ಹೂರಣ ಕುದಿಲಿಕ್ಕಿಟ್ಟಂಗ, ನೀವು ಪಕ್ಕದಾಗ ನಿಂತು ಕಾಯಬೇಕು.

ಇನ್ನೊಂದು ಮಾತು, ಇದು ದಪ್ಪಂದು ತಗೋಳೋರಿಗೂ ಉಪಯೋಗ ಆಗ್ತದ. ಗ್ರಾಫಿಕ್ಸ್ ಕಾರ್ಡಿನ ಹೆಸರು ಕೇಳಿ ಮಳ್ಳಾಗಬ್ಯಾಡ್ರಿ. ಎನ್ವಿಡಿಯಾದ ಆರ್‌ಟಿಎಕ್ಸ್ 4060 ಅಂತ ಲ್ಯಾಪ್‌ಟಾಪಿನ ಕಾರ್ಡ್ ಅದ. ಅದನ್ನ 35 ವ್ಯಾಟಿಗೂ ಹಚ್ಚಬಹುದು, 115 ವ್ಯಾಟಿಗೂ ಹಚ್ಚಬಹುದು. ಹೆಸರು ಒಂದ, ಸ್ಟಿಕ್ಕರ್ ಒಂದ. ಸಣ್ಣ ಬರ್ನರಿಗೂ ದೊಡ್ಡ ಬರ್ನರಿಗೂ ಒಲಿ ಅಂತನ ಅಂದಂಗ. ಎಷ್ಟು ವ್ಯಾಟಿಗೆ ಹಚ್ಚ್ಯಾರ ಅಂತ ಕೇಳ್ರಿ, ಅಂಗಡಿಯವ ಒಂದು ಕ್ಷಣ ನಿಮ್ಮ ಮುಖಾ ನೋಡ್ತಾನ, ನೋಡ್ಲಿ.

ರ‍್ಯಾಮ್ ಅಂತ ಇರ್ತದಲ್ಲ, ಅದು ಈ ತೆಳ್ಳನ್ವು ಭಾಳಷ್ಟರಾಗ ಬೋರ್ಡಿಗೇ ಬೆಸುಗಿ ಹಾಕಿ ಕೂಡಿಸಿರ್ತಾರ. 8 ಜಿಬಿ ತಂದ್ರ ಸಾಯೋತನಕಾ 8 ಜಿಬಿ. ದಪ್ಪನ್ವುದರಾಗ ಸಾಮಾನ್ಯ ಖಾನೆ ಇರ್ತಾವ, ಬೇಕಾದಾಗ ಬಿಚ್ಚಿ ಹೆಚ್ಚಿಂದು ಹಾಕಬಹುದು. ಡಬ್ಬಿ ಸಣ್ಣದಾದ್ರ ದೊಡ್ಡ ಡಬ್ಬಿ ತರಬಹುದು, ಗ್ವಾಡ್ಯಾಗಿನ ಮಾಡ ದೊಡ್ಡದು ಮಾಡ್ಲಿಕ್ಕೆ ಬರ್ತದೇನು? ಐದು ವರ್ಷ ಓದೋ ಹುಡುಗಿಗೆ ಮಾಡ ಕೊಡಿಸ್ಯಾರ.

ಈಗ ಖರೆ ಮಾತಿಗೆ ಬರ್ತೀನಿ. ಸಬ್‌ಮಿಷನ್ ಅಂತ ಬರ್ತದ, ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ. ಅವತ್ತು ಮುಂಜಾನೆ ಚಿತ್ರ ಎಲ್ಲಾ ಪ್ರಿಂಟ್ ಆಗಿ ಗ್ವಾಡಿಗೆ ಹಚ್ಚಿರಬೇಕು. ತನ್ನ ಮಶೀನಿನಾಗ ಆಗಂಗಿಲ್ಲ ಅಂತ ಈ ಹುಡುಗಿ ಗೆಳತಿಯ ರೂಮಿಗೆ ಹೋಗ್ತಾಳ. ಗೆಳತಿಯ ಕೆಲಸ ಮುಗಿಯೋತನಕಾ ಕಾಯಬೇಕು, ಆಮ್ಯಾಲೆ ಈಕಿದು ಹಚ್ಚಬೇಕು. ಮನಿಗೆ ಬರೋದ್ರಾಗ ರಾತ್ರಿ ಹತ್ತು, ಹತ್ತೂವರಿ. ಬಾಗಲದಾಗ ಅಪ್ಪ, ಪಡಸಾಲ್ಯಾಗ ಅಜ್ಜ, ಒಳಗ ಅವ್ವ. "ಇಷ್ಟೊತ್ತನಕಾ ಎಲ್ಲೆ ಇದ್ದಿ? ಯಾರ ಜೋಡಿ ಇದ್ದಿ? ಮಂದಿ ಏನಂದಾರು?" ಆ ಹುಡುಗಿ ಉತ್ತರ ಕೊಡೋದೂ ಬಿಟ್ಟುಬಿಟ್ಟಾಳ. ಊಟಾ ಮಾಡ್ಲಾರದ ಮಲಗಿದ್ದು ನಾ ನೋಡೇನಿ.

ಅದ ಹೊತ್ತಿನಾಗ ಅದ ಮನಿಯ ಮ್ಯಾಲಿನ ಖೋಲ್ಯಾಗ ಗ್ರಾಫಿಕ್ಸ್ ಕಾರ್ಡ್ ಇದ್ದ ಮಶೀನು ದೀಪಾ ಹಚ್ಚಿಕೊಂಡು ಕೂತಿರ್ತದ. ಅದರಾಗ ಬಂದೂಕು ಹೊಡಿಯೋ ಆಟ ನಡದಿರ್ತದ. ಒಮ್ಮೆ ಈಕಿ ಕೇಳಿದ್ಲಂತ, ಅಣ್ಣಾ ಎರಡು ದಿನ ಕೊಡು ಅಂತ. ಅಂವ ಏನಂದ್ನೋ ಬಿಡ್ರಿ, ನಮ್ಮ ನೆಗೆಣ್ಣಿ ಏನಂದ್ಲು ಗೊತ್ತೇನು? "ಅವನ ವಸ್ತು ಮುಟ್ಟಬ್ಯಾಡ, ಏನರ ಕೆಟ್ಟೀತು." ಕಟ್ಟಡ ಕಟ್ಟೋ ಹುಡುಗಿ ಮುಟ್ಟಿದ್ರ ಕೆಡ್ತದ, ಗುಂಡು ಹೊಡಿಯೋ ಹುಡುಗ ಮುಟ್ಟಿದ್ರ ಕೆಡಂಗಿಲ್ಲ.

ಹಿಂಗಾಗಿ ಮಾರ್ಕ್ಸ್ ಕಡಿಮಿ ಬಂದ್ವು. ಬಂದಕೂಡ್ಲೆ ಮನ್ಯಾಗ ತೀರ್ಮಾನ ಆತು: "ನಾವು ಆಗಲೇ ಅಂದಿದ್ವಿ, ಆರ್ಕಿಟೆಕ್ಚರ್ ಹುಡುಗ್ಯಾರಿಗೆ ಆಗೋದಲ್ಲ, ವಜ್ಜಿ ಆಗ್ತದ." ಕೈಗೆ ಮೊಂಡ ಈಳಗಿ ಕೊಟ್ಟು, ಕಾಯಿಪಲ್ಯ ಸಣ್ಣಗ ಹೆಚ್ಚಲಿಲ್ಲ ಅಂತ ಬೈಯೋ ಅತ್ತಿಗೂ ಇವರಿಗೂ ಏನ ಫರಕು?

ವಜ್ಜಿ ಅಂದ್ರಲ್ಲ, ಅದಕ್ಕೂ ಒಂದು ಹೇಳೇಬಿಡ್ತೀನಿ. ಹುಡುಗಿಗೆ ಯಾಕ ಹಗರಾದ್ದು ಅಂತ ನಾ ಆವತ್ತ ಕೇಳಿದ್ದಕ್ಕ "ಪಾಪ, ಕೂಸಿನ ಬೆನ್ನು ನೋಯ್ತದ, ಹೊರಲಿಕ್ಕೆ ಆಗಂಗಿಲ್ಲ" ಅಂದ್ರು. ಎಷ್ಟು ವ್ಯತ್ಯಾಸ? ಒಂದು ಕೇಜಿ, ಹೆಚ್ಚಂದ್ರ ಒಂದೂಕಾಲು. ಚಾರ್ಜರ್ ಹಿಡದ್ರ ಎರಡು ಆದೀತು. ನಮ್ಮ ಬೆನ್ನಿನ ಕಾಳಜಿ ಇದ್ದವರು ಗ್ಯಾಸಿನ ಸಿಲಿಂಡರ್ ಬಂದಾಗ ಎಲ್ಲೆ ಇರ್ತಾರ? ಒಳಗಿನ ಗ್ಯಾಸೊಂದ 14.2 ಕೇಜಿ, ಡಬ್ಬಿದು ಬ್ಯಾರೆ ಅಷ್ಟ. ಬಾಗಲದಿಂದ ಅಡಗಿಮನಿತನಕಾ ಉರುಳಿಸಿಕೊಂಡು ಬರೋರು ನಾವು. ನೀರು ಬಂದ ದಿನ ಕೊಡಾ ಹೊರೋರು ನಾವು. ಆವಾಗ ಬೆನ್ನಿಲ್ಲ. ಲ್ಯಾಪ್‌ಟಾಪ್ ಕೊಡಸೋ ಹೊತ್ತಿಗೆ ಹೆಣ್ಣಮಕ್ಕಳಿಗೆ ಬೆನ್ನು ಬರ್ತದ.

ತೆಳ್ಳನ್ವು ಕೆಟ್ಟವು ಅಂತ ನಾ ಅನ್ನಂಗಿಲ್ಲ. ನಮ್ಮ ತಂಗಿ ಮಗಳು ಸಿಎ ಆರ್ಟಿಕಲ್‌ಶಿಪ್ ಮಾಡ್ತಾಳ, ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಾಗ ನಿಂತು ಹೋಗ್ತಾಳ. ಆಕಿ ಕೆಲಸ ಎಕ್ಸೆಲ್, ಟ್ಯಾಲಿ. ಒಂದೊಂದು ದಿನ ಒಂದೊಂದು ಆಫೀಸು, ಕೆಲವು ಕಡೆ ಪ್ಲಗ್ ಸೈತ ಸಿಗಂಗಿಲ್ಲ. ಆಕಿಗೆ ತೆಳ್ಳಂದ ಸರಿ, ದಪ್ಪಂದು ಕೊಡಸಿದ್ರ ಅದು ತಪ್ಪು. ಗೇಮಿಂಗಿನ್ವು ಚಾರ್ಜರ್ ತಗದ್ರ ಭಾಳ ಹೊತ್ತು ಬಾಳಂಗಿಲ್ಲ, ಬ್ಯಾಟರಿ ಮ್ಯಾಲೆ ಅವುಗಳ ಶಕ್ತಿನೂ ಇಳೀತದ. 2008ರಾಗ ಆ್ಯಪಲ್ಲಿನ ಸ್ಟೀವ್ ಜಾಬ್ಸ್ ಮ್ಯಾಕ್‌ಬುಕ್ ಏರ್ ಅನ್ನೋದನ್ನ ಕಾಗದದ ಲಕೋಟಿ ಒಳಗಿಂದ ತಗದು ತೋರಿಸಿದ. ಆವಾಗಿಂದ ಎಲ್ಲಾ ಕಂಪನಿಗೂ ತೆಳ್ಳಗಾಗೋ ಚಟಾ ಹತ್ತೇದ. 2020ಕ್ಕ ಅದ ಏರ್ ಫ್ಯಾನೇ ಇಲ್ಲದ ಬಂತು, ಕೆಲಸಾನೂ ಛೊಲೊ ಮಾಡ್ತದ, ಮಾಡಂಗಿಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲ. ಆದ್ರ ರೆವಿಟ್ ವಿಂಡೋಸಿಗೆ ಮಾಡಿದ್ದು, ಮೆಕ್ಯಾನಿಕಲ್ ಹುಡುಗರ ಸಾಲಿಡ್‌ವರ್ಕ್ಸೂ ಹಂಗ. ಏನ ಓದ್ತಾರ ಅಂತ ಕೇಳ್ಲಾರದ ಲಕ್ಷ ರೂಪಾಯಿದು ತಂದ್ರೂ ತಟ್ಟಿ ತೊಳ್ಯೋ ನಾರಿನಿಂದ ಮುಖಾ ತಿಕ್ಕಿದಂಗ.

ಮತ್ತ ಆ ಬಿ.ಕಾಂ. ಹುಡುಗಗರ ಏನ ಉಪಯೋಗ ಆತು? ವಜ್ಜಿ ಅಂತ ಒಂದ ದಿನಾನೂ ಕಾಲೇಜಿಗೆ ಒಯ್ಯಲಿಲ್ಲ. ಮೂರು ವರ್ಷ ಟೇಬಲ್ಲಿನ ಮ್ಯಾಲೆ ಚಾರ್ಜರಿಗೆ ಕಟ್ಟಿಹಾಕಿದ ಎಮ್ಮಿಯಂಗ ನಿಂತದ. ತೆಳ್ಳಂದು ಇದ್ರ ಕ್ಲಾಸಿಗರ ಒಯ್ತಿದ್ದ.

ಅದಕ್ಕ ಅವ್ವಂದಿರಿಗೆ ಹೇಳ್ತೀನಿ, ಅಂಗಡಿಗೆ ನೀವೂ ಹೋಗ್ರಿ. ಗಂಡಸರು ಮಗನ್ನ ಕರ್ಕೊಂಡು ಹೋಗಿ ತರ್ತಾರ, ನಾವು ಆರತಿ ಮಾಡಿ ಕುಂಕುಮ ಹಚ್ಚಿ ಒಳಗ ತಗೋತೀವಿ, ಇದು ಸಾಕು. ಹೋಗೋಕಿಂತ ಮೊದಲ ಮಗಳಿಗೆ ಆಕಿ ಕಾಲೇಜಿನ ಮ್ಯಾಲಿನ ವರ್ಷದ ಹುಡುಗ್ಯಾರಿಗೆ ಫೋನ್ ಮಾಡ್ಲಿಕ್ಕೆ ಹೇಳ್ರಿ, ಯಾವ ಯಾವ ಸಾಫ್ಟ್‌ವೇರ್ ಮೂರನೇ ವರ್ಷಕ್ಕ ಬರ್ತಾವ ಅಂತ. ಮೊದಲನೇ ವರ್ಷದ್ದಲ್ಲ. ಅವಕ್ಕ ಏನೇನ ಬೇಕು ಅಂತ ಆ ಕಂಪನಿಯವರ ಬರದಿರ್ತಾರ, ಚೀಟಿ ಮಾಡಿಕೊಂಡು ಹೋಗ್ರಿ, ಕಿರಾಣಿ ಚೀಟಿ ಮಾಡಿದಂಗ. ಅಂಗಡಿಯವ ಬಣ್ಣದ ಮಾತು ತಗದ್ರ ಚೀಟಿ ಮುಂದ ಹಿಡೀರಿ.

ನಮ್ಮ ಮನಿದು ಇನ್ನೂ ಮುಗದಿಲ್ಲ. ಹುಡುಗಿಗೆ ಇನ್ನ ಎರಡು ವರ್ಷ ಅದ, ಥೀಸಿಸ್ ಮುಂದದ. ಹುಡುಗ ಈಗ ಬ್ಯಾಂಕಿನ ಪರೀಕ್ಷಾಕ್ಕ ಓದ್ಲಿಕತ್ಯಾನ, ವಿಡಿಯೋ ಪಾಠ ನೋಡ್ತಾನ, ಬರೀತಾನ. ಹೋದ ರವಿವಾರ ಎಲ್ಲಾರೂ ಊಟಕ್ಕ ಕೂತಾಗ ನಾ ಅಂದೆ, ಅದಲಾಬದಲಿ ಮಾಡ್ರಿ, ಯಾರೂ ಒಂದು ರೂಪಾಯಿ ಖರ್ಚು ಮಾಡೋದು ಬ್ಯಾಡ ಅಂತ. ಯಾರೂ ಮಾತಾಡಲಿಲ್ಲ. ಕಡೀಕೆ ನಮ್ಮ ಮೈದುನ, "ಗುಲಾಬಿ ಬಣ್ಣದ್ದು ಅಂವ ಹೆಂಗ ಹಿಡಕೊಂಡು ಕೂಡಬೇಕು ವೈನಿ" ಅಂದ.

ಕರೇ ಕವರ್ ಸಿಗ್ತಾವ, ನಾ ತಂದು ಇಟ್ಟೇನಿ. ದಪ್ಪಂದರಾಗ ಒಂದು ಖಾನೆ ಖಾಲಿ ಅದ ಅಂತ ಹುಡುಗಿ ಬಿಚ್ಚಿ ನೋಡಿ ಹೇಳ್ಯಾಳ, ಇನ್ನೊಂದು 8 ಜಿಬಿ ಹಾಕಿದ್ರ 16 ಆಗ್ತದ. ಅದರ ರೊಕ್ಕ ನನ್ನ ಸಾಸಿವಿ ಡಬ್ಬ್ಯಾಗ ಅದ. ಈ ಶನಿವಾರ ಬರ್ತೀನಿ ಮೈದುನಾ, ಎರಡೂ ತಗದು ಪಡಸಾಲ್ಯಾಗ ಇಟ್ಟಿರು.