ಸೋಲುವ ತಂಡಕ್ಕೂ ಸಮಯ ಬೇಕು

ಹೊಸ ತಂಡ ಮೊದಲ ವರ್ಷವೇ ಗೆಲ್ಲಬೇಕೆಂದು ಹಟ ಹಿಡಿಯುವ ಕ್ರೀಡಾಭಿಮಾನಿಗಳು ಅಮೆರಿಕದ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಇತಿಹಾಸವನ್ನು ಗಮನಿಸಬೇಕು. 1957ರ ಬಳಿಕ ಡಾಡ್ಜರ್ಸ್ ಮತ್ತು ಜೈಂಟ್ಸ್ ತಂಡಗಳೆರಡೂ ನ್ಯೂಯಾರ್ಕ್ ತೊರೆದು ಕ್ಯಾಲಿಫೋರ್ನಿಯಾ ಸೇರಿದ್ದವು. ಆ ಕೊರತೆ ನೀಗಿಸಲು 1962ರಲ್ಲಿ ಕಣಕ್ಕಿಳಿದ ಮೆಟ್ಸ್, ಮೊದಲ ಒಂಬತ್ತು ಪಂದ್ಯಗಳನ್ನೂ ಸೋತಿತು. ವರ್ಷಾಂತ್ಯಕ್ಕೆ ಗೆಲುವು 40, ಸೋಲು 120!

ಇತರ ತಂಡಗಳು ಬಿಟ್ಟುಕೊಟ್ಟ ಆಟಗಾರರನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದ ತಂಡಕ್ಕೆ ಈ ಗತಿ ಬಂದದ್ದು ಅಚ್ಚರಿಯಲ್ಲ. ಅಚ್ಚರಿ ಎಂದರೆ ಪ್ರೇಕ್ಷಕರು ಕೈಬಿಡಲಿಲ್ಲ. 1963ರಲ್ಲಿ ಮತ್ತೆ 111 ಪಂದ್ಯ ಸೋತಾಗಲೂ ಹತ್ತು ಲಕ್ಷಕ್ಕೂ ಅಧಿಕ ಮಂದಿ ಮೈದಾನಕ್ಕೆ ಬಂದರು. ತಂಡ ಸೋತರೂ ಅದು ತಮ್ಮೂರಿನದು ಎಂಬ ಮಮತೆ ಅವರದು.

ಆದರೆ ಮಮತೆಯೊಂದೇ ಸಾಲದು. ಎಳೆಯ ಪ್ರತಿಭೆಗಳನ್ನು ಗುರುತಿಸಿ, ಬೆಳೆಯಲು ಅವಕಾಶ ನೀಡುವುದು ಆಡಳಿತದ ಹೊಣೆ. 1967ರಲ್ಲಿ 22ರ ಹರೆಯದ ಟಾಮ್ ಸೀವರ್ ಮೆಟ್ಸ್ ಪರ ಕಣಕ್ಕಿಳಿದರು. ಆ ವರ್ಷವೂ ತಂಡಕ್ಕೆ ಕೊನೆಯ ಸ್ಥಾನವೇ. ಅದೇ ಸೀವರ್ 1969ರಲ್ಲಿ 25 ಗೆಲುವು ತಂದಿತ್ತರು. ಮೆಟ್ಸ್ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು 4-1ರಿಂದ ಮಣಿಸಿ ವರ್ಲ್ಡ್ ಸೀರೀಸ್ ಗೆದ್ದಿತು.

ಮೊದಲ ಸೋಲಿಗೇ ಬೆನ್ನು ತಿರುಗಿಸಿದ್ದರೆ ಏಳು ವರ್ಷಗಳ ಬಳಿಕದ ಈ ಸಂಭ್ರಮ ಎಲ್ಲಿರುತ್ತಿತ್ತು? ಯುವ ತಂಡದಿಂದ ಪ್ರಶಸ್ತಿ ಕೇಳುವ ಮುನ್ನ ಅದಕ್ಕೆ ಸಮಯ ಕೊಡೋಣ.