ನಾಣ್ಯದಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ

ಆರಂಭದ ಇಸ್ಲಾಮಿನಲ್ಲಿ ಪೈಗಂಬರರಿಗೆ ಸ್ಥಾನವೇ ಇರಲಿಲ್ಲ, ಖಲೀಫ ಅಬ್ದುಲ್ ಮಲಿಕನ ಕಾಲದಲ್ಲಿ ಅವರನ್ನು ಮುಂದೆ ತರಲಾಯಿತು ಎಂಬ ವಾದ ನಿಂತಿರುವುದು 685ಕ್ಕಿಂತ ಹಿಂದಿನ ನಾಣ್ಯಗಳಲ್ಲಿ ಅವರ ಹೆಸರಿಲ್ಲ ಎಂಬುದರ ಮೇಲೆ. ಆದರೆ ಇರಾನಿನಲ್ಲಿ ಅರಬರು ಹಳೆಯ ಸಸಾನಿ ಅಚ್ಚನ್ನೇ ಮುಂದುವರಿಸಿದ್ದರು: ಒಂದು ಮಗ್ಗುಲಿಗೆ ಸತ್ತ ದೊರೆಯ ಮುಖ, ಇನ್ನೊಂದಕ್ಕೆ ಅಗ್ನಿವೇದಿಕೆ. ನಾಣ್ಯವೇ ಪ್ರಮಾಣವಾದರೆ ಅರಬರನ್ನು ಅಗ್ನಿಪೂಜಕರೆನ್ನಬೇಕಾದೀತು! ಅತ್ತ 640ರ ಸುಮಾರಿನ ಸಿರಿಯಾಕ್ ಬರಹವೊಂದು ಗಾಜಾ ಬಳಿ ಕಾದಿದ ಅರಬರನ್ನು ಮುಹಮ್ಮದರ ಹೆಸರಿನಿಂದಲೇ ಗುರುತಿಸುತ್ತದೆ. 660ರ ದಶಕದ ಅರ್ಮೇನಿಯನ್ ಇತಿಹಾಸ ಅವರನ್ನು ವರ್ತಕ, ಬೋಧಕ, ಕಟ್ಟಳೆ ಕೊಟ್ಟವರು ಎಂದು ವರ್ಣಿಸುತ್ತದೆ. ಇವನ್ನು ಬರೆದ ಇಬ್ಬರೂ ಕ್ರೈಸ್ತರು, ಹೊಗಳುವ ಹಂಗು ಅವರಿಗಿರಲಿಲ್ಲ.

ಭಕ್ತಿ ಆಮೇಲೆ ಬೆಳೆಯಿತಲ್ಲ ಎನ್ನಬಹುದು. ಹೌದು, ಬೆಳೆಯಿತು. ವಿಜಯಪುರದ ಅಸಾರ್ ಮಹಲನ್ನು 1646ರ ಸುಮಾರಿಗೆ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ್ದು ನ್ಯಾಯಸಭೆಗೆ; ಪೈಗಂಬರರ ಕೂದಲೆಂದು ಪೂಜ್ಯವಾದ ಅವಶೇಷಗಳು ಅಲ್ಲಿಗೆ ಬಂದದ್ದು ನಂತರ. ಆದರೆ ಅವಶೇಷದ ಗೌರವ ಬೇರೆ, ಮದೀನದಲ್ಲಿ ಪೈಗಂಬರರು ಕುಲಗಳ ವ್ಯಾಜ್ಯ ತೀರಿಸುತ್ತಿದ್ದ ಅಧಿಕಾರ ಬೇರೆ. ಮೊದಲನೆಯದು ತಡವಾಗಿ ಬಂತೆಂದು ಎರಡನೆಯದನ್ನು ಅಲ್ಲಗಳೆಯಲಾಗದು.